ಎರಡನೆಯ ಸೊಲ್ಲು

ತನಗೆ ಹಾಡಲು ಬರುವುದಿಲ್ಲ ಎಂಬುದನ್ನು ಮಹೇಶ್ವರಿ ಇದುವರೆಗೆ ತನಗೊಬ್ಬಳಿಗೇ ಹೇಳಿಕೊಂಡಿದ್ದಳು. ಅದೂ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ, ನೀರಿನ ಸಪ್ಪಳದ ಮರೆಯಲ್ಲಿ. ಸಂಗೀತವನ್ನೂ ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎ. ಮುಗಿಸಿದವಳು ಅವಳು, ರಾಣೆಬೆನ್ನೂರಿನಿಂದ ಹಾವೇರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಕಲಿತವಳು. ಒಳ್ಳೆಯ ಅಂಕ ಬಂದದ್ದು ಬರೆಯುವ ಪತ್ರಿಕೆಗಳಲ್ಲಿ. ಹಾಡುವ ಪರೀಕ್ಷೆಯಲ್ಲಿ ಮೇಡಂ ಕನಿಕರದಿಂದ ದಾಟಿಸಿದ್ದರು. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಅವಳ ಷಡ್ಜವೇ ನಡುಗುತ್ತಿತ್ತು. ಆದರೆ ಇನ್ನೊಬ್ಬರು ಹಾಡುವುದನ್ನು ಕೇಳುತ್ತ ಕೂತರೆ ಅವಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಈ ಧಾಟಿ ಬೀಸುವ ಕಲ್ಲಿನ ಮುಂದೆ ಹುಟ್ಟಿತೋ, ಕಳೆ ಕೀಳುವ ಹೊಲದಲ್ಲೋ, ಮೊದಲು ಯಾರ ಬಾಯಲ್ಲಿತ್ತೋ ಎಂದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಳು.

ಈಗ ಅಣ್ಣ ಸುದೀಪನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಅಗಡಿಯ ಕಾವೇರಿ. ಮಾತುಕತೆಗೆ ಬಂದ ಬೀಗರಿಗೆ ಉಪ್ಪಿಟ್ಟಿನ ತಾಟು ಕೊಡುತ್ತ ಅವ್ವ ಶ್ರೀದೇವಿ, ನಮ್ಮ ಮಗಳು ಸಂಗೀತ ಕಲಿತಾಕಿ, ಅರಿಷಿಣದ ದಿನ ಅವಳ ಹಾಡು ನೀವು ಕೇಳಲೇಬೇಕು ಎಂದು ಹೇಳಿಬಿಟ್ಟಿದ್ದಳು. ಅಂದಿನಿಂದ ಮಹೇಶ್ವರಿಗೆ ತುತ್ತು ಸರಿಯಾಗಿ ಇಳಿದಿರಲಿಲ್ಲ.

ಆ ಮನೆಗೆ ಹಾಡು ಹೊಸದಲ್ಲ. ಆಯಿ ಚೌಡವ್ವ, ಎಂದರೆ ಅಪ್ಪನ ತಾಯಿ, ಒಂದು ಕಾಲಕ್ಕೆ ಓಣಿಯ ಎಲ್ಲ ಮದುವೆಗಳಲ್ಲೂ ಸೋಬಾನ ಪದ ಎತ್ತುವವಳು. ಅವಳು ಬರುವ ತನಕ ಒರಳಿಗೆ ಅರಿಷಿಣದ ಕೊಂಬು ಬೀಳುತ್ತಿರಲಿಲ್ಲವಂತೆ. ಮಹೇಶ್ವರಿಗೆ ನೆನಪಿದ್ದದ್ದು ಚಪ್ಪರದ ಕೆಳಗಿನ ತೊಡೆಗಳು. ಹಾಡು ನಡೆಯುವಾಗ ಅವಳು ಮಲಗುತ್ತಿದ್ದದ್ದು ಎರಡು ತೊಡೆಗಳ ಮೇಲೆ. ತಲೆ ಆಯಿಯ ತೊಡೆಗೆ, ಕಾಲು ಇನ್ಯಾರದೋ ತೊಡೆಗೆ. ಆ ಇನ್ಯಾರೋ ಲವಂಗ ಅಗಿಯುತ್ತಿದ್ದರು. ಪದ ತಲೆಯ ಕಡೆಯಿಂದ ಬಂದು ಕಾಲಿನ ಕಡೆಗೆ ಹೋಗಿ ಮತ್ತೆ ತಿರುಗಿ ಬರುತ್ತಿತ್ತು. ಅಷ್ಟರಲ್ಲಿ ನಿದ್ದೆ.

ಮದುವೆಗೆ ಮೂರು ವಾರ ಇರುವಾಗ ಮನೆಯಲ್ಲಿ ಹಪ್ಪಳದ ಕೆಲಸ ಹಿಡಿದರು. ಓಣಿಗೆ ಈಚೆಗೆ ಸೊಸೆಯರಾಗಿ ಬಂದ ಹೆಂಗಸರು ಪಡಸಾಲೆಯಲ್ಲಿ ಲಟ್ಟಣಿಗೆ ಹಿಡಿದು ಕೂತರು. ಯಾರೋ ಆಯಿಗೆ, ಮೊಮ್ಮಗನ ಮದುವಿ, ಒಂದು ಪದ ಹೇಳಬೇಕು ಎಂದರು. ಆಯಿ ಎರಡು ಸಲ ಒಲ್ಲೆ ಎಂದು ಮೂರನೆಯ ಸಲಕ್ಕೆ ಸೆರಗು ಸರಿಮಾಡಿಕೊಂಡಳು. ಮಹೇಶ್ವರಿ ರೂಢಿಯಂತೆ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಮಡಿಲಲ್ಲಿಟ್ಟುಕೊಂಡಳು.

‘ಆಡಿ ಬಂದವನ ಮೈ, ಅಂಗಳದ ಧೂಳೆಲ್ಲ...’

ದನಿ ಸೊರಗಿದ್ದರೂ ಧಾಟಿ ಹದವಾಗಿತ್ತು. ಆದರೆ ಅಷ್ಟಕ್ಕೇ ಆಯಿ ನಿಂತಳು. ಎಲ್ಲರ ಲಟ್ಟಣಿಗೆಯೂ ನಿಂತಿತು. ತುಸು ಹೊತ್ತಾದ ಮೇಲೆ ಆಯಿ ಮತ್ತೆ ಶುರುಮಾಡಿದಳು. ‘ಓಡಿ ಬಂದವನ ಕಾಲ, ಹಾದ್ಯಾಗಿನ ಮುಳ್ಳೆಲ್ಲ...’ ಮತ್ತೆ ನಿಂತಳು. ಧೂಳು ಏನಾಯಿತು, ಮುಳ್ಳು ಏನಾಯಿತು, ಒಂದೂ ಬರಲಿಲ್ಲ.

“ನಡುವಿಂದು ಏನ್ರಿ ಅತ್ತಿ?” ಶ್ರೀದೇವಿ ಕೇಳಿದಳು.

“ಅದು ನಂದಲ್ಲ,” ಎಂದಳು ಆಯಿ.

ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ಹಿಟ್ಟಿನ ಕಡೆ ಬಾಗಿ, ವಯಸ್ಸು ಸುಮ್ಮನ ಬಿಡ್ತೈತೇನವ್ವ ಎಂದಳು. ಆಯಿಗೆ ಅದು ಕೇಳಿಸಿತು. ಅವಳು ಮುಂದೆ ಹಾಡಲಿಲ್ಲ.

ಒಮ್ಮೆ ಮರೆವು ಎಂದು ಹೆಸರಿಟ್ಟ ಮೇಲೆ ಕುರುಹುಗಳಿಗೆ ಕಡಿಮೆಯಿಲ್ಲ. ಮರುದಿನ ಸಾರಿಗೆ ಉಪ್ಪು ಹೆಚ್ಚಾದಾಗ, ಹಾಕಿದವಳು ಶ್ರೀದೇವಿಯೇ ಆಗಿದ್ದರೂ, ಅತ್ತಿ ಇನ್ನೊಮ್ಮೆ ಹಾಕಿರಬೇಕು ಎಂದಾಯಿತು. ಕಪಾಟಿನ ಕೀಲಿ ಸಿಗದೆ ಹೋದಾಗ ಎಲ್ಲರೂ ಆಯಿಯ ಸೊಂಟ ನೋಡಿದರು. ಕೀಲಿ ಸುದೀಪನ ಪ್ಯಾಂಟಿನಲ್ಲಿತ್ತು. ಆದರೂ ಅಂದೇ ಸಂಜೆ ಕೀಲಿಗೊಂಚಲು ಶ್ರೀದೇವಿಯ ಸೊಂಟಕ್ಕೆ ಬಂತು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ಗುಡ್ಡಪ್ಪ ಊಟಕ್ಕೆ ಕೂತು ಎಲ್ಲ ಕೇಳಿದ. ಮದುವೆ ಮುಗಿದ ಕೂಡಲೇ ದಾವಣಗೆರೆಗೆ ಕರೆದೊಯ್ದು ತಲೆಯ ಡಾಕ್ಟರಿಗೆ ತೋರಿಸುವುದು, ಅಲ್ಲಿಯ ತನಕ ಅವ್ವನನ್ನು ಗ್ಯಾಸಿನ ಹತ್ತಿರ ಬಿಡಬಾರದು ಎಂದು ತೀರ್ಮಾನ ಕೊಟ್ಟ. ಹೇಳುವಾಗ ಅವನ ಕೈಯಲ್ಲಿದ್ದ ರೊಟ್ಟಿ ಪಲ್ಯದಲ್ಲಿ ಅದ್ದಿದ್ದು ಅದ್ದಿದಂತೆಯೇ ಇತ್ತು. ಅವನ ಅವ್ವನಲ್ಲವೇ.

ಆಯಿ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ಬೆಳಗಿನ ಮೊದಲ ಚಹಾ ಅವಳದೇ ಕೈಯದು. ಈಗ ಅಡುಗೆಮನೆಯ ಹೊಸ್ತಿಲಾಚೆ ಕೂತು, ಚಹಾ ಆತೇನವ್ವ ಎಂದು ನೆಂಟರ ಮನೆಯಲ್ಲಿ ಕೇಳುವಂತೆ ಕೇಳತೊಡಗಿದಳು. ನಾಲ್ಕು ದಿನಕ್ಕೆ ಅವಳ ನಡಿಗೆಯೂ ಗೋಡೆ ಹಿಡಿಯಿತು.

ಹಪ್ಪಳಕ್ಕೆ ಕಾಗೆ ಕಾಯಲು ಮಹೇಶ್ವರಿಯನ್ನು ಮಾಳಿಗೆಗೆ ಕಳಿಸಿದ್ದರು. ತಲೆಯ ಮೇಲೆ ಟವೆಲ್ ಹೊದ್ದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅವಳು ಆ ದಿನದ ಪದ ಕೇಳಿದಳು. ಒಂದು ಸೊಲ್ಲು, ಒಂದು ಖಾಲಿ. ಇನ್ನೊಂದು ಸೊಲ್ಲು, ಇನ್ನೊಂದು ಖಾಲಿ. ಮೂರನೆಯ ಸಲ ಕೇಳುವಾಗ ಖಾಲಿಯ ಒಳಗೆ ಏನೋ ಕಿಣಿಕಿಣಿ ಅಂದಿತು. ಆಯಿಯ ಬಳೆ. ಹಾಡುವಾಗ ಆಯಿ ತೊಡೆಯ ಮೇಲೆ ಮೆಲ್ಲಗೆ ಕೈ ತಟ್ಟುತ್ತಾಳೆ. ದನಿ ನಿಂತ ಮೇಲೂ ಆ ಕೈ ನಿಂತಿರಲಿಲ್ಲ. ಒಂದು ಸೊಲ್ಲಿಗೆ ಎಷ್ಟು ಪೆಟ್ಟೋ ಖಾಲಿಗೂ ಅಷ್ಟೇ ಪೆಟ್ಟು. ಅದು ಮುಗಿದ ಮರುಕ್ಷಣ, ಕೂದಲೆಳೆಯಷ್ಟೂ ತಪ್ಪದೆ, ಆಯಿಯ ಮುಂದಿನ ಸೊಲ್ಲು.

ತಾಳ ಕಲಿಸುವಾಗ ಮೇಡಂ ಹೇಳಿದ್ದರು, ಪೆಟ್ಟಿಲ್ಲದ ಮಾತ್ರೆಯನ್ನೂ ಎಣಿಸಬೇಕು, ಅದನ್ನು ಬಿಟ್ಟವರಿಗೆ ತಾಳ ಬರುವುದಿಲ್ಲ ಎಂದು. ಮರೆತವರು ತಡವರಿಸುತ್ತಾರೆ. ತಾಳ ಹಾಕುತ್ತ ಕೂರುವುದಿಲ್ಲ.

ಒಂದು ಕಾಗೆ ಹಪ್ಪಳ ಕಚ್ಚಿಕೊಂಡು ಹೋಯಿತು. ಮಹೇಶ್ವರಿ ನೋಡುತ್ತಲೇ ಇದ್ದಳು. ತಲೆಯ ಕಡೆಯಿಂದ ಬಂದ ಪದ ಕಾಲಿನ ಕಡೆಗೆ ಹೋಗಿ ತಿರುಗಿ ಬರುತ್ತಿತ್ತಲ್ಲ, ಲವಂಗದ ವಾಸನೆಯ ಆ ತೊಡೆ ಯಾರದು ಎಂಬುದು ಈಗ ನೆನಪಾಯಿತು. ಎದುರುಮನೆಯ ಜೈತೂನಬಿ. ರಮಜಾನಿಗೆ ಅವರ ಮನೆಯಿಂದ ಸುರಕುಂಬಾ ಬರುತ್ತಿತ್ತು, ಇವರ ಮನೆಯಿಂದ ಹೋಳಿಗೆ ಹೋಗುತ್ತಿತ್ತು. ಮಗ ಅಸ್ಲಮ್‌ಗೆ ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕು ಅವರೆಲ್ಲ ಅಲ್ಲಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಆ ಮೇಲೆ ಆಯಿ ಯಾವ ಚಪ್ಪರದಲ್ಲೂ ಪದ ಎತ್ತಿರಲಿಲ್ಲ. ಕರೆಯುವವರೂ ಇರಲಿಲ್ಲ, ಎಲ್ಲ ಕಡೆ ಡಿ.ಜೆ. ಬಂದಿತ್ತು.

ಒಂದು ಸೊಲ್ಲು ಆಯಿಯದು, ಮರುಸೊಲ್ಲು ಜೈತೂನಬಿಯದು ಎಂಬುದು ಅವ್ವನಿಗೆ ಹೇಗೆ ತಿಳಿಯದೆ ಹೋಯಿತು ಎಂದು ಮಹೇಶ್ವರಿ ಯೋಚಿಸಿದಳು. ಅವ್ವ ಈ ಮನೆಗೆ ಬಂದಂದಿನಿಂದ ಪದ ಕೇಳಿದ್ದು ಒಲೆಯ ಮುಂದೆ ಕೂತು. ಅಲ್ಲಿಗೆ ಅದು ಒಂದೇ ಎಳೆಯಾಗಿ ಬರುತ್ತಿತ್ತು. ಯಾವ ತುಣುಕು ಯಾರ ಬಾಯಿಂದ ಎಂದು ನೋಡಲು ಅವ್ವನಿಗೆ ಯಾರೂ ಬಿಡುವು ಕೊಟ್ಟಿರಲಿಲ್ಲ. ಅಪ್ಪ ಗಂಡಸರ ಜೊತೆ ಹೊರಗಿನ ಕಟ್ಟೆಯ ಮೇಲೆ.

ಕೆಳಗೆ ಬಂದು ಆಯಿಯ ಹೆಸರುಕಾಳಿನ ಮೊರದ ಮುಂದೆ ಕೂತಳು. “ಆಯಿ, ಜೈತೂನವ್ವ ಈಗ ಹೆಂಗದಾಳ?”

ಆಯಿಯ ಬೆರಳು ಕಾಳಿನ ಮೇಲೆ ನಿಂತಿತು. “ಹೇಳದ ಹೋದಾಕಿ ಸುದ್ದಿ ನನಗ್ಯಾಕ? ಆಕಿ ಹೆಸರು ತಗೀಬ್ಯಾಡ.”

ಮಹೇಶ್ವರಿ ಅಂದೇ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿದಳು. ಆದರೆ ಅಲ್ಲಿ ಅವಳದೇ ಮಾತು ನಡೆದಿತ್ತು. ಧಾರವಾಡದಲ್ಲಿ ಸಂಗೀತದಲ್ಲಿ ಎಂ.ಎ. ಮಾಡುತ್ತೇನೆ ಎಂದು ಹಿಂದೊಮ್ಮೆ ಅವಳು ಗೊಣಗಿದ್ದನ್ನು ಅವ್ವ ಮರೆತಿರಲಿಲ್ಲ. ಊರಲ್ಲೇ ಬಿ.ಎಡ್. ಇರುವಾಗ ಅಲ್ಲಿಗೆ ಯಾಕೆ ಎಂಬುದು ಅವ್ವನ ವಾದ.

“ಹಾಡು ಅಂದ್ರ ಒಂದು ದಿನ ಬಾಯಿ ತಗದಿಲ್ಲ ನಮ್ಮ ಮುಂದ,” ಎಂದಳು ಶ್ರೀದೇವಿ, ಬದನೆಕಾಯಿ ಬಡಿಸುತ್ತ. “ಸಂಗೀತ ಕಲ್ತು ಏನ್ ಮಾಡಾಕಿ?”

“ಸ್ಟೇಜ್ ಮ್ಯಾಲ ಕುಂತು ಅಳ್ತಾಳ,” ಎಂದ ಸುದೀಪ. “ಅದೂ ಒಂದು ರಾಗ.”

ಗುಡ್ಡಪ್ಪ ನಕ್ಕು ಮಗಳ ಕಡೆ ತಿರುಗಿ, ಏನೋ ಹೇಳಾಕ ಹೊಂಟಿದ್ದೆಲ್ಲ ಎಂದ. ಎಲ್ಲರೂ ಅವಳನ್ನು ನೋಡಿದರು. ಹೊಸ್ತಿಲಾಚೆಯಿಂದ ಆಯಿಯೂ ನೋಡಿದಳು. ಮಹೇಶ್ವರಿಯ ಬಾಯಿಂದ ಹೊರಟದ್ದು, “ಮಜ್ಜಿಗಿ ಬೇಕೇನಪ್ಪ?” ಎಂಬ ಮಾತು.

ಮುಂದಿನ ವಾರ ಖಾರದ ಪುಡಿಗೆ ಮೆಣಸಿನಕಾಯಿ ತರಲು ಶ್ರೀದೇವಿ ಬ್ಯಾಡಗಿಗೆ ಹೊರಟಾಗ ಮಹೇಶ್ವರಿ ತಾನೂ ಬರುತ್ತೇನೆ ಎಂದಳು. ಇಷ್ಟು ವರ್ಷ ಕರೆದರೂ ಬಾರದವಳು ಈಗ ತಾನಾಗಿ ಚಪ್ಪಲಿ ಮೆಟ್ಟಿದ್ದು ಕಂಡು ಅವ್ವನಿಗೆ ಆಶ್ಚರ್ಯ. ಅಸ್ಲಮ್ ಇರುವ ಅಂಗಡಿಗೇ ಹೋಗೋಣ, ಗುರುತಿನವರು ಒಳ್ಳೆಯ ಕಾಯಿ ಕೊಡ್ತಾರ ಎಂದು ಸೂಚಿಸಿದ್ದೂ ಅವಳೇ. ಅಸ್ಲಮ್ ಕುರ್ಚಿ ಹಾಕಿಸಿ ಚಹಾ ತರಿಸಿದ. ಶ್ರೀದೇವಿ ಲಗ್ನಪತ್ರಿಕೆ ಕೊಟ್ಟು, ಎಲ್ಲಾರೂ ಬರಬೇಕು ಎಂದು ಎಲ್ಲರಿಗೂ ಹೇಳುವಂತೆಯೇ ಹೇಳಿ ಕಾಯಿಯ ಚೀಲಕ್ಕೆ ಕೈ ಹಾಕಿದಳು. ಒಂದೊಂದೇ ಕಾಯಿ ಮುರಿದು ಬಣ್ಣ ನೋಡುವುದು, ಇದು ಹೋದ ವರ್ಷದ್ದು ಎನ್ನುವುದು ಶುರುವಾಯಿತು. ಇದು ಲಗೂ ಮುಗಿಯುವ ಕೆಲಸವಲ್ಲ. ನೀ ಹೋಗಿ ಜೈತೂನಮ್ಮನ್ನ ಮಾತಾಡಿಸಿ ಬಾ ಎಂದು ಅವ್ವನೇ ಕಳಿಸಿದಳು.

ಹಿಂದಿನ ಓಣಿಯಲ್ಲಿ ಮನೆ. ಅಂಗಳದ ತುಂಬ ಕೆಂಪು ರಾಶಿ. ಜೈತೂನಬಿ, ಸೊಸೆ ಸಲ್ಮಾ, ಇನ್ನಿಬ್ಬರು ಹೆಂಗಸರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದರು. ಒಳಗೆ ಕಾಲಿಟ್ಟ ಮಹೇಶ್ವರಿಗೆ ಸೀನು ಹಿಡಿದು ನಿಲ್ಲಲೇ ಇಲ್ಲ. ಕಣ್ಣೊರೆಸಿಕೊಂಡು ತಾನು ಯಾರೆಂದು ಹೇಳುವಷ್ಟರಲ್ಲಿ ಜೈತೂನಬಿಯೇ, “ಸೀನೋದು ನೋಡಿ ಗುರ್ತು ಹಿಡದೆ. ಗುಡ್ಡಪ್ಪನ ಮಗಳು. ನಿಮ್ಮಪ್ಪನೂ ಹಿಂಗ, ಸೀನಾಕತ್ತಿದ್ರ ಓಣೆಲ್ಲ ಏಳ್ತಿತ್ತು,” ಎಂದಳು.

ಮಾತಾಡಬೇಕಾಗಿ ಬಂದರೆ ತನ್ನಿಂದಾಗದು ಎಂದು ಮಹೇಶ್ವರಿಗೆ ಗೊತ್ತಿತ್ತು. ಅದಕ್ಕೇ ಸುಮ್ಮನೆ ಫೋನು ತೆಗೆದು ರಾಶಿಯ ಪಕ್ಕದಲ್ಲಿಟ್ಟು ಆಯಿಯ ಪದ ಹಚ್ಚಿದಳು.

‘ಆಡಿ ಬಂದವನ ಮೈ, ಅಂಗಳದ ಧೂಳೆಲ್ಲ...’

ಬಳೆ ಕಿಣಿಕಿಣಿ ಅಂದಿತು. ಜೈತೂನಬಿ ತಲೆ ಎತ್ತಲಿಲ್ಲ, ಕೈಯ ಕೆಲಸ ಬಿಡಲಿಲ್ಲ. ಬಾಯಿಯ ಬಟ್ಟೆಯನ್ನು ಮೊಣಕೈಯಿಂದ ಕೆಳಗೆ ಸರಿಸಿ, ‘ಅರಿಷಿಣದ ನೀರಾಗ ತೊಳದೇವ, ತಾಯವ್ವ’ ಎಂದು ಹಾಡಿದಳು. ಅವಳ ಸೊಲ್ಲಿನ ಕೊನೆಗೆ ಫೋನಿನೊಳಗಿನ ಆಯಿ, ತಡವಿಲ್ಲದೆ, ‘ಓಡಿ ಬಂದವನ ಕಾಲ, ಹಾದ್ಯಾಗಿನ ಮುಳ್ಳೆಲ್ಲ’ ಎಂದಳು. ‘ಮಲ್ಲಿಗಿ ಎಸಳಿಂದ ತಗದೇವ, ತಾಯವ್ವ’ ಎಂದು ಜೈತೂನಬಿ.

ಸಲ್ಮಾ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಅತ್ತೆಯನ್ನೇ ನೋಡುತ್ತಿದ್ದಳು. ಈ ಹಾಡು ಅವಳು ಕೇಳಿಯೇ ಇರಲಿಲ್ಲ. ಅರ್ಧ ಹಾಡನ್ನು ಯಾರು ಯಾರ ಮುಂದೆ ಹೇಳಿಯಾರು.

ಮಹೇಶ್ವರಿಗೆ ಚಿಕ್ಕಂದಿನ ನಿದ್ದೆಯೇ ತಿರುಗಿ ಬಂದಂತಾಯಿತು. ಕಣ್ಣಲ್ಲಿ ನೀರು. ಖಾರದ ಊರು, ಯಾರೂ ಕಾರಣ ಕೇಳಲಿಲ್ಲ.

ಮನೆಯಲ್ಲಿ ಆಯಿಗೆ ಮರೆವು ಎನ್ನುತ್ತಿರುವುದನ್ನು ತೊದಲುತ್ತ ಹೇಳಿದಳು. ಜೈತೂನಬಿ ಕೈ ಝಾಡಿಸಿದಳು. “ಚೌಡಕ್ಕಗ ಮರೆವು? ನನ್ನ ಮದುವ್ಯಾಗ ಯಾರ್‍ಯಾರು ಏನೇನು ಮುಯ್ಯಿ ಮಾಡಿದ್ರು ಅಂತ ಇವತ್ತಿಗೂ ಹೇಳ್ತಾಳ ಆಕಿ.”

“ನೀವು ಬರ್ರಿ,” ಎಂದಳು ಮಹೇಶ್ವರಿ. ಅದೇ ಅವಳ ಮಟ್ಟಿಗೆ ದೊಡ್ಡ ಮಾತು.

ಬರುವುದೇನೋ ಬರುತ್ತೇನೆ, ಸುದೀಪನನ್ನು ಎತ್ತಿ ಆಡಿಸಿದ ಕೈ ಇದು ಎಂದು ಜೈತೂನಬಿ ಹೇಳಿದಳು. ಹಾಡುವ ಮಾತು ಮಾತ್ರ ಬೇರೆ. ಊರು ಬಿಡುವ ದಿನ ಅವಳು ಚೌಡಕ್ಕನಿಗೆ ಹೇಳಲು ಹೋಗಿದ್ದಳಂತೆ. ಮಹೇಶ್ವರಿಯ ಮನೆಯವರೆಲ್ಲ ಕುಪ್ಪೇಲೂರಿಗೆ ಹೋಗಿದ್ದರಿಂದ ಬಾಗಿಲಿಗೆ ಕೀಲಿ ಹಾಕಿತ್ತು, ಸಾಮಾನು ತುಂಬಿದ ಗಾಡಿ ಓಣಿಯಲ್ಲಿ ನಿಂತಿತ್ತು. ಆ ಮೇಲಾದರೂ ಚೌಡಕ್ಕ ಒಂದು ಸಲ ಬಂದು ನೋಡಿದಳೇ? “ಎರಡನೇ ಸೊಲ್ಲಿನವ್ರು ಕರೀದ ಬಾಯಿ ಹಾಕೂದಿಲ್ಲವ್ವ. ಅದು ಪದದ ರೀತಿ. ಕರೀಲಿ, ಹಿಡೀತೇನಿ.”

ರಾತ್ರಿಯ ಊಟವಾದ ಮೇಲೆ ಆಯಿಯ ಹಾಸಿಗೆ ಬಿಡಿಸುತ್ತ ಮಹೇಶ್ವರಿ ಎಲ್ಲ ಹೇಳಿದಳು. ಅಂದು ಬಾಗಿಲಿಗೆ ಕೀಲಿ ಹಾಕಿದ್ದ ಸುದ್ದಿ ಕೇಳಿ ಆಯಿ, ಕೀಲಿ ಇದ್ದರ ಕಟ್ಟಿ ಮ್ಯಾಲ ಕುಂದರಬೇಕಿತ್ತು ಎಂದಳು. ಹೊದಿಕೆ ಎಳೆದುಕೊಂಡ ಮೇಲೆ ಮತ್ತೆ ಕೇಳಿದಳು. “ಹಲ್ಲು ಅದಾವೇನು ಆಕಿಗೆ?”

“ಅದಾವು. ಆಯಿ, ನೀ ಏನೂ ಮರತಿಲ್ಲ.”

“ನನಗ ಹೇಳಿದ್ರ ಏನ್ ಬಂತು?” ಎಂದಳು ಆಯಿ. “ದಿನಾ ಎಲ್ಲಾರೂ ಅಂತಿದ್ರ ನನಗೂ ಖರೇ ಅನಸಾಕತ್ತೈತಿ. ನಿಮ್ಮಪ್ಪನ ಮುಂದ ಹೇಳು, ನಿಮ್ಮವ್ವನ ಮುಂದ ಹೇಳು.”

ಹೇಳಬೇಕಾದ ದಿನಗಳು ಒಂದೊಂದೇ ಜಾರಿದವು. ಅಪ್ಪ ಹಲ್ಲುಜ್ಜುವಾಗ ಹೋಗಿ ನಿಂತಳು, ಟವೆಲ್ ಕೊಟ್ಟು ಬಂದಳು. ಅವ್ವ ರೊಟ್ಟಿ ಬಡಿಯುವಾಗ ಬೆಂಕಿಯ ಪಕ್ಕ ಕೂತಳು. ಬೀಗರ ಸೀರೆಗೆ ಫಾಲ್ ಹಚ್ಚುವುದು ಬಾಕಿ ಇದೆ ಎಂದು ಅವ್ವ ಎಬ್ಬಿಸಿದಳು. ಮನೆಗೆ ಸುಣ್ಣ ಬಿತ್ತು, ಅಂಗಳಕ್ಕೆ ಚಪ್ಪರ ಬಂತು, ಸುದೀಪ ತನ್ನ ಎದೆಯೆತ್ತರದ ಎರಡು ಸ್ಪೀಕರ್ ತರಿಸಿದ. ದಾವಣಗೆರೆಯ ಡಾಕ್ಟರಿಗೆ ದಿನ ಗೊತ್ತಾಯಿತು. ಆಯಿಯ ಹೊಸ ಸೀರೆಯ ಜೊತೆ ಅವಳ ಹಳೆಯ ಔಷಧಿಯ ಚೀಟಿಗಳನ್ನೂ ಅವ್ವ ಒಂದು ಚೀಲಕ್ಕೆ ಹಾಕಿಟ್ಟಳು.

ಅರಿಷಿಣದ ಬೆಳಿಗ್ಗೆ ಅಗಡಿಯಿಂದ ಬೀಗರ ಕಡೆಯ ಹೆಂಗಸರು ಬಂದರು. ಸುದೀಪ ಬನಿಯನ್ನಿನಲ್ಲಿ ಮಣೆಯ ಮೇಲೆ ಕೂತ. ಜೈತೂನಬಿ ಸಲ್ಮಾಳ ಜೊತೆ ತಡವಾಗಿ ಬಂದಳು. ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಬಳಿ, ಚಪ್ಪಲಿಗಳ ಈಚೆಗೆ ಕೂತಳು. ಆಯಿ ಅವಳನ್ನು ನೋಡಿದಳು. ಅವಳೂ ನೋಡಿದಳು. ಇಬ್ಬರೂ ಮುಖ ತಿರುಗಿಸಿ ಚಪ್ಪರದ ಬೇರೆ ಬೇರೆ ಕಂಬ ನೋಡತೊಡಗಿದರು.

ಬೀಗರಲ್ಲಿ ಹಿರಿಯಳೊಬ್ಬಳು, ಹುಡುಗನ ಅಜ್ಜಿ ಪದ ಎತ್ತದೆ ಅರಿಷಿಣ ಮುಟ್ಟಬಾರದು, ನಮ್ಮಲ್ಲಿ ಅದೇ ಪದ್ಧತಿ ಎಂದಳು. ಶ್ರೀದೇವಿಯ ಮುಖ ಸಣ್ಣಗಾಯಿತು. ಬ್ಯಾಡ ಎನ್ನುವ ಹಾಗಿಲ್ಲ. ಆಯಿ ಸೆರಗು ಸರಿಮಾಡಿಕೊಂಡಳು. ಮಗನನ್ನು, ಸೊಸೆಯನ್ನು, ಸೊಸೆಯ ಸೊಂಟದ ಕೀಲಿಯನ್ನು ನೋಡಿದಳು. ಕೊನೆಗೆ ಮೊಮ್ಮಗಳನ್ನು ನೋಡಿ ಕಣ್ಣು ಮುಚ್ಚಿದಳು.

‘ಆಡಿ ಬಂದವನ ಮೈ, ಅಂಗಳದ ಧೂಳೆಲ್ಲ...’

ಮತ್ತೆ ಅದೇ ಖಾಲಿ. ಬೀಗರು ಕಾದರು. ಚಪ್ಪರದ ಅಂಚಿನಲ್ಲಿ ನಿಂತಿದ್ದ ಗುಡ್ಡಪ್ಪ ನೆಲ ನೋಡಿದ. ಸುದೀಪ ಸ್ಪೀಕರ್‌ನವನ ಕಡೆ ಕೈ ಎತ್ತಿದ. ಬಾಗಿಲ ಬಳಿ ಜೈತೂನಬಿಯ ತುಟಿ ಬಿಗಿದಿತ್ತು, ಬೆರಳು ಮಾತ್ರ ಮೊಣಕಾಲಿನ ಮೇಲೆ ಎದ್ದು ಬೀಳುತ್ತಿತ್ತು. ಆಯಿಯ ಬಳೆಗೂ ಆ ಬೆರಳಿಗೂ ಒಂದೇ ಲೆಕ್ಕ. ಅದು ಮಹೇಶ್ವರಿಯೊಬ್ಬಳಿಗೇ ಕಾಣುತ್ತಿತ್ತು.

“ಅತ್ತಿಗೆ ಈಗೀಗ ಮರೆವು ಭಾಳ ಆಗೈತಿ,” ಎಂದು ಶ್ರೀದೇವಿ ಬೀಗಿತಿಯರಿಗೆ ನಗುತ್ತ ಹೇಳಿದಳು. “ಮಹೇಶಿ, ನೀ ಒಂದು ಹೇಳವ್ವ.”

ಮಹೇಶ್ವರಿ ಎದ್ದು ನಿಂತಳು. ಎಲ್ಲ ಮುಖಗಳೂ ಅವಳ ಕಡೆ ತಿರುಗಿದವು. ಆಯಿಯ ಬಳೆಯ ಪೆಟ್ಟು ಇನ್ನೆರಡೇ ಉಳಿದಿತ್ತು.

“ನನಗ ಹಾಡಾಕ ಬರೂದಿಲ್ಲವ್ವ, ಕೇಳಾಕ ಬರ್ತೈತಿ,” ಎಂದಳು ಅವಳು, ಓಣಿಗೆಲ್ಲ ಕೇಳುವಂತೆ. “ಆಯಿ ಏನೂ ಮರತಿಲ್ಲ. ಜೈತೂನವ್ವನ ಸೊಲ್ಲಿಗೆ ಕಾಯಾಕತ್ತಾಳ.”